ಅಪ್ಪನಿಗೆ ಮಾತು ವಾಪಸ್ ಬರಬೇಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಅಪ್ಪನಿಗೆ 62 ವರ್ಷ. ಎರಡು ತಿಂಗಳ ಹಿಂದೆ ಬೆಳಗ್ಗೆ ಹಾಲು ಕರೆಯುವಾಗ ಬಲಗೈ ಸ್ವಾಧೀನ ತಪ್ಪಿತು, ಬಾಯಿ ಸೊಟ್ಟಗಾಯಿತು. ಲಕ್ವ ಅಂತ ಊರಿನವರು ಎಣ್ಣೆ ತಿಕ್ಕಿ, ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಆಸ್ಪತ್ರೆ ಸೇರುವಷ್ಟರಲ್ಲಿ ಸಂಜೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಮಗೆ ಗೊತ್ತೇ ಇರಲಿಲ್ಲ.

ಈಗ ಕೋಲು ಹಿಡಿದು ನಡೆಯುತ್ತಾರೆ. ಕಷ್ಟ ಇರುವುದು ಮಾತಿನದು. ನಾವು ಹೇಳಿದ್ದು ಬಹುತೇಕ ಅರ್ಥವಾಗುತ್ತದೆ. ಆದರೆ ನೀರು ಬೇಕಾದರೂ "ಹಸು, ಹಸು" ಅನ್ನುತ್ತಾರೆ. ತಪ್ಪಾಯಿತು ಅಂತ ಅವರಿಗೇ ತಿಳಿದು ಕಣ್ಣೀರು ಹಾಕುತ್ತಾರೆ. ವಿಚಿತ್ರ ಏನು ಗೊತ್ತಾ? ಭಜನೆ ಶುರು ಮಾಡಿದರೆ ಪೂರ್ತಿ ಸಾಲು ಸರಾಗವಾಗಿ ಹಾಡುತ್ತಾರೆ! ಒಂದರಿಂದ ಹತ್ತು ಎಣಿಸುತ್ತಾರೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗಬಹುದು, ಇದಕ್ಕೆ ಅಫೇಸಿಯಾ ಅಂತ ಹೆಸರು ಅಂದರು ಡಾಕ್ಟರು. ಬುದ್ಧಿ ಕೆಟ್ಟಿಲ್ಲ, ಪದ ಸಿಗುತ್ತಿಲ್ಲ ಅಷ್ಟೇ. ನೆಂಟರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೀಗೆ ಯಾರನ್ನಾದರೂ ಕರೆದುಕೊಂಡು ಹೋಗಿದ್ದೀರಾ? ವಾರಕ್ಕೆ ಎಷ್ಟು ಸಲ ಬರಹೇಳುತ್ತಾರೆ? ಮೊದಮೊದಲು ಅಲ್ಲಿಗೆ ಹೋಗಿ, ಆಮೇಲೆ ವಿಡಿಯೊ ಕಾಲ್‌ನಲ್ಲಿ ಥೆರಪಿ ಮುಂದುವರಿಸಬಹುದಾ? ಹತ್ತಿರದಲ್ಲಿ ಕಡಿಮೆ ಬಾಡಿಗೆಯ ರೂಮು ಗೊತ್ತಿದ್ದರೂ ಹೇಳಿ. ಅಮ್ಮ ಜೊತೆಗಿರುತ್ತಾರೆ.

ಮನೆಯಲ್ಲಿ ಸದ್ಯಕ್ಕೆ ಲೋಟ, ಚೊಂಬು, ಟವಲ್ಲಿನ ಫೋಟೊ ತೋರಿಸಿ ಹೆಸರು ಹೇಳಿಸುತ್ತಿದ್ದೇನೆ. ಕನ್ನಡದ ಚಿತ್ರದ ಕಾರ್ಡು ಇದ್ದರೆ ಕಳಿಸಿ. ಎಣ್ಣೆ, ಬೇರಿನ ಸಲಹೆ ಮಾತ್ರ ದಯವಿಟ್ಟು ಬೇಡ.