ಸಹಾಯ ಬೇಕು: ಮದುವೆಗೆ ಅಪ್ಪಟ ಕೊಲ್ಹಾಪುರಿ ಚಪ್ಪಲಿ

ನಮಸ್ಕಾರ. ನಾವು ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನವರು. ಮಾಘ ಮಾಸದಲ್ಲಿ ತಂಗಿಯ ಮದುವೆ. ಇಳಕಲ್ ಸೀರೆ ಬಂದಾಗಿದೆ. ಕಾಲಿಗೆ ಕೊಲ್ಹಾಪುರಿಯೇ ಆಗಬೇಕೆಂದು ಅವಳ ಹಟ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿ, ಗದ್ದಲವಾದ ಮೇಲೆ ಭಾರತದ ಪ್ರೇರಣೆಯನ್ನು ಒಪ್ಪಿಕೊಂಡಿತಲ್ಲ, ಅಂದಿನಿಂದ ಅವಳ ಕಣ್ಣಿಗೆ ಬೇರೇನೂ ಬೀಳುತ್ತಿಲ್ಲ. ನಮ್ಮ ಅಜ್ಜ ಅದನ್ನೇ ಮೆಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು; ಆಗ ಅದನ್ನು ಯಾರೂ ಫ್ಯಾಷನ್ ಎನ್ನಲಿಲ್ಲ!

ಪೇಟೆಯಲ್ಲಿ ಕಣ್ಣಿಗೆ ಬೀಳುವುದೆಲ್ಲ ರೆಕ್ಸಿನ್, ಅಂಟು, ಮೊಳೆ. ನಮಗೆ ಬೇಕಿರುವುದು ಮರದ ತೊಗಟೆಯಲ್ಲಿ ಹದಮಾಡಿದ ತೊಗಲು, ಚರ್ಮದ ಎಳೆಯಿಂದಲೇ ಹೊಲಿದ ಅಟ್ಟೆ, ಸಣ್ಣ ಹೆಣಿಗೆಯ ಕಾಪಶಿ ಮಾದರಿ. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಗುರುತು, ಅಂದರೆ ಇಂಥ ಪ್ರದೇಶದ್ದೇ ಸರಕು ಎಂಬ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಹಾಗಾಗಿ ಕೊಲ್ಹಾಪುರಕ್ಕೇ ಓಡಬೇಕೆಂದಿಲ್ಲ, ಬೆಳಗಾವಿ ಜಿಲ್ಲೆಯ ಅಥಣಿ ನಮಗೆ ಹತ್ತಿರ.

ಅಥಣಿ, ಮದಭಾವಿ, ನಿಪ್ಪಾಣಿ ಕಡೆಯವರು ದಯವಿಟ್ಟು ಹೇಳಿ: ಕಾಲಿನ ಅಳತೆ ಕೊಟ್ಟರೆ ಮಾಡಿಕೊಡುವ ಕುಶಲಕರ್ಮಿಗಳು ಯಾವ ಓಣಿಯಲ್ಲಿ ಸಿಗುತ್ತಾರೆ? ಎಷ್ಟು ದಿನ ಮೊದಲೇ ಹೇಳಬೇಕು? ಜರಿಯ ಗೊಂಡೆ ಹಾಕಿಸಿದರೆ ಬೆಲೆ ಎಷ್ಟಾಗಬಹುದು? ಹೊಸದು ಹೆಬ್ಬೆರಳನ್ನು ಕಚ್ಚದಂತೆ ಎಣ್ಣೆ ಹಚ್ಚುವ ಕ್ರಮ ಗೊತ್ತಿದ್ದವರೂ ತಿಳಿಸಿ. ಮದುವೆಯ ದಿನ ಮದುಮಗಳು ಕುಂಟುವುದು ಬೇಡ. ಆನ್‌ಲೈನ್ ಅಂಗಡಿಗಳ ಕೊಂಡಿ ಮಾತ್ರ ಕಳಿಸಬೇಡಿ, ತೊಗಲನ್ನು ಕೈಯಲ್ಲಿ ಬಗ್ಗಿಸಿ ನೋಡದೆ ಕೊಳ್ಳುವವರು ನಾವಲ್ಲ.