ಸೊಸೈಟಿ ಟೆರೇಸಿನ ಸೋಲಾರ್: ಕಂಪನಿಗೆ ಕೊಡೋಣವಾ, ನಾವೇ ಹಾಕಿಸೋಣವಾ?

ಡೊಂಬಿವಲಿ ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ 48 ಮನೆಗಳ ಹಳೇ ಹೌಸಿಂಗ್ ಸೊಸೈಟಿ. ಈ ವರ್ಷ ನಾನೇ ಸೆಕ್ರೆಟರಿ. ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪ ಸೇರಿ ತಿಂಗಳಿಗೆ ಸುಮಾರು 1,900 ಯೂನಿಟ್ ಖರ್ಚಾಗುತ್ತದೆ. ಬಿಲ್ಲು ₹27,000ದ ಹತ್ತಿರ ಬರುತ್ತದೆ. ಈಗ ಒಂದು ಕಂಪನಿಯವರು ಬಂದಿದ್ದಾರೆ. ಪ್ಯಾನೆಲ್ ಅವರೇ ಕೂರಿಸುತ್ತಾರಂತೆ, ನಮ್ಮದು ಒಂದು ಪೈಸೆಯೂ ಬೇಡವಂತೆ. 20 ವರ್ಷ ಅವರಿಂದಲೇ ಸ್ವಲ್ಪ ಕಡಿಮೆ ದರಕ್ಕೆ ಕರೆಂಟ್ ಕೊಳ್ಳಬೇಕು. ಟೆರೇಸ್ ಅಷ್ಟು ವರ್ಷ ಅವರ ಕೈಯಲ್ಲಿ.

ನಾವೇ ಹಾಕಿಸಿದರೆ 15 ಕಿಲೋವ್ಯಾಟಿಗೆ ₹8.5 ಲಕ್ಷ ಹೇಳಿದ್ದಾರೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೊಸೈಟಿಯ ಲಿಫ್ಟ್, ಪಂಪಿನಂಥ ಬಳಕೆಗೆ ಕಿಲೋವ್ಯಾಟಿಗೆ ₹18,000 ಸಬ್ಸಿಡಿ ಇದೆ. ಅಲ್ಲಿಗೆ ₹2.7 ಲಕ್ಷ ಕಳೆಯಿತು. ಉಳಿದದ್ದನ್ನು ಹಂಚಿದರೆ ಮನೆಗೆ ₹12,000 ಚಿಲ್ಲರೆ. ನನ್ನ ಮನಸ್ಸು ಇದರ ಕಡೆಗೇ ಇದೆ. ಆದರೆ ಸೆಪ್ಟೆಂಬರಿನ ಎಜಿಎಂನಲ್ಲಿ (ವಾರ್ಷಿಕ ಸಭೆಯಲ್ಲಿ) ಎಲ್ಲರನ್ನೂ ಒಪ್ಪಿಸಬೇಕಲ್ಲ? ನಿಮ್ಮ ಅನುಭವ ಹೇಳಿ.

ಮುಳುಂದ್ ಹೋಟೆಲ್‌ನವರು:
ಟೀಚರ್, ನಾನು ಹದಿನಾಲ್ಕು ವರ್ಷ ಸೊಸೈಟಿ ಕಮಿಟಿಯಲ್ಲಿದ್ದೆ. ಮೇಂಟೆನೆನ್ಸ್ ₹200 ಏರಿಸಲು ಎರಡು ವರ್ಷ ಜಗಳ ನೋಡಿದ್ದೇನೆ. ₹12,000 ಕೇಳಿದರೆ ಅರ್ಧ ಜನ ಬಾಗಿಲೇ ತೆಗೆಯುವುದಿಲ್ಲ. ಕಂಪನಿಗೆ ಕೊಡಿ. ಕೆಟ್ಟರೆ ಅವರ ತಲೆನೋವು. ನಿಮಗೆ ಬಿಲ್ಲು ಕಡಿಮೆಯಾದರೆ ಸಾಕು ಅಲ್ವಾ?

ಚಿಂಚವಾಡ ಫಿಟ್ಟರ್:
ಶೆಟ್ರೇ, ತಲೆನೋವು ಅವರದ್ದಾಗುವುದು ಕಾಗದದಲ್ಲಿ ಮಾತ್ರ. ನನ್ನ ತಂಗಿಯ ಸೊಸೈಟಿಯಲ್ಲಿ ಹೀಗೇ ಕೊಟ್ಟಿದ್ದರು. ಮೊದಲ ವರ್ಷ ತಿಂಗಳಿಗೊಮ್ಮೆ ತೊಳೆಯಲು ಹುಡುಗರು ಬಂದರು. ಆಮೇಲೆ ನಿಂತೇ ಹೋಯಿತು. ಹೋದ ದೀಪಾವಳಿಗೆ ನಾನು ಮೇಲೆ ಹತ್ತಿ ನೋಡಿದರೆ ಪ್ಯಾನೆಲ್ ಮೇಲೆಲ್ಲ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಕೆಳಗಿನ ಸಾಲಿಗೆ ಮಧ್ಯಾಹ್ನ ಮೂರರ ಹೊತ್ತಿಗೇ ನೀರಿನ ಟಾಕಿಯ ನೆರಳು. ಯೂನಿಟ್ ಕಡಿಮೆ ಬಂದರೆ ಕಂಪನಿಗೂ ನಷ್ಟವೇ. ಆದರೆ ಅವರಿಗೆ ನೂರಾರು ಟೆರೇಸ್, ಅದರಲ್ಲಿ ಇದೊಂದು. ತಂಗಿಯ ಮನೆಯವರೇ ಪೈಪ್ ಹಿಡಿದು ತೊಳೆಯೋಣ ಎಂದರೆ, ಮುಟ್ಟಬೇಡಿ, ಕರಾರಿನಲ್ಲಿಲ್ಲ ಎಂದರಂತೆ.

ಟೀಚರ್, ಯಾವ ದಾರಿ ಹಿಡಿದರೂ ಮೂರು ವಿಷಯ ನೆನಪಿರಲಿ. ಸ್ಲ್ಯಾಬಿಗೆ ಡ್ರಿಲ್ ಹಾಕಿದರೆ ವಾಟರ್‌ಪ್ರೂಫಿಂಗ್ ಒಡೆಯುತ್ತದೆ, ಮಳೆಗಾಲದಲ್ಲಿ ಮೇಲಿನ ಮನೆಯವರ ಛಾವಣಿ ಸೋರುತ್ತದೆ. ಕಾಂಕ್ರೀಟ್ ಬ್ಲಾಕಿನ ಮೇಲೆ ಕೂರಿಸಲು ಹೇಳಿ. ಆದರೆ ಭಾರದ, ಗಾಳಿಯ ಲೆಕ್ಕವನ್ನು ಇಂಜಿನಿಯರ್ ಕೈಲಿ ಬರೆಸಿಕೊಳ್ಳಿ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಬಂದಾಗ ನಮ್ಮ ಏರಿಯಾದಲ್ಲಿ ತಗಡಿನ ಪತ್ರಾ ಶೆಡ್‌ಗಳು ಹಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೆಯದು, ಒಂದು ಕಿಲೋವ್ಯಾಟ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ ಅನ್ನುವುದು ವರ್ಷದ ಸರಾಸರಿ. ಜುಲೈನಲ್ಲಿ ಅದನ್ನು ನಿರೀಕ್ಷಿಸಬೇಡಿ. ಮೂರನೆಯದನ್ನು ಎಜಿಎಂನಲ್ಲಿ ನೀವೇ ಮೊದಲು ಹೇಳಿಬಿಡಿ: ಬ್ಯಾಟರಿ ಇಲ್ಲದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ಟೆರೇಸಿನ ಕರೆಂಟ್ ಲೈನಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಲಿಫ್ಟ್ ನಿಲ್ಲುವುದೇ ಇಲ್ಲ ಎಂದು ಆಸೆ ಹುಟ್ಟಿಸಿದರೆ ಆಮೇಲೆ ಬೈಗುಳ ನಿಮಗೇ.

ಪಾವಗಡದವಳು, ಖರಾಡಿ:
ನಮ್ಮೂರಿನ ಕಥೆ ಹೇಳುತ್ತೇನೆ. ಪಾವಗಡ ಸೋಲಾರ್ ಪಾರ್ಕ್ ನಿಮಗೆಲ್ಲ ಗೊತ್ತಿರುತ್ತದೆ. 13,000 ಎಕರೆ, 2,050 ಮೆಗಾವ್ಯಾಟ್. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ₹21,000ದಿಂದ ಶುರುವಾಯಿತು. ಬರಗಾಲದ ಸೀಮೆಯಲ್ಲಿ ಅದು ದೊಡ್ಡ ಆಸರೆಯೇ, ನಾನು ಇಲ್ಲ ಅನ್ನುವುದಿಲ್ಲ. ಭೂಮಿ ಕೈಬಿಡಲಿಲ್ಲ ಅನ್ನುವುದೂ ದೊಡ್ಡದು. ಆದರೆ ಪ್ಯಾನೆಲ್‌ನಲ್ಲಿ ರೈತರಿಗೆ ಪಾಲಿಲ್ಲ, ಮಾರಿದ ಕರೆಂಟಿನಲ್ಲೂ ಪಾಲಿಲ್ಲ. ಭೂಮಿಯೇ ಇಲ್ಲದ ಕೂಲಿಯವರಿಗೆ ಬಾಡಿಗೆಯೂ ಇಲ್ಲ. ಬಾಡಿಗೆ ಬೇರೆ, ಪಾಲು ಬೇರೆ. ಟೀಚರ್, ನಿಮಗೆ ಪಾಲು ಇಟ್ಟುಕೊಳ್ಳುವ ಅವಕಾಶ ಇದೆ. ಮನೆಗೆ ₹12,000ದಲ್ಲಿ ಸಿಗುತ್ತಿದೆ. ಬಿಡಬೇಡಿ.

ಹುಕ್ಕೇರಿ ಹುಡುಗ:
ನಮ್ಮೂರಲ್ಲಿ ಕರೆಂಟೇ ಸಹಕಾರಿ ಸಂಘದ್ದು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, 1969ರದ್ದು. ಇವತ್ತಿಗೂ ಮನೆ ಮನೆಗೆ ಅದೇ ಕರೆಂಟ್ ಹಂಚುತ್ತದೆ. ಜನರಿಂದ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಲು ಆಗುವುದಿಲ್ಲ ನೋಡ್ರಿ.

ಮುಳುಂದ್ ಹೋಟೆಲ್‌ನವರು:
ತಮ್ಮಾ, ಇನ್ನೊಂದು ಕಥೆಯೂ ಇದೆ. ಮುಂಬೈಗೆ ಬರುವ ಮೊದಲು ನಾನು ಮಹಾರಾಷ್ಟ್ರದ ಶ್ರೀರಾಮಪುರದಲ್ಲಿ ಮಾವನ ಕ್ಯಾಂಟೀನಿನಲ್ಲಿದ್ದೆ. ಅಲ್ಲಿ ಮುಳಾ-ಪ್ರವರಾ ವಿದ್ಯುತ್ ಸಹಕಾರಿ ಸಂಸ್ಥೆ ಇತ್ತು. ದೊಡ್ಡ ಹೆಸರು. ರಾಜ್ಯದ ಕಂಪನಿಗೆ ಕೊಡಬೇಕಾದ ಬಾಕಿ ಬೆಟ್ಟದಷ್ಟು ಬೆಳೆಯಿತು. 2011ರಲ್ಲಿ ಹಂಚಿಕೆಯ ಕೆಲಸ ಕೈತಪ್ಪಿ ರಾಜ್ಯದ ಆ ಕಂಪನಿಗೇ, ಮಹಾವಿತರಣಕ್ಕೆ, ಹೋಯಿತು. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಅನ್ನುವ ಹಾಗೆ ಆಗಬಾರದು, ನನ್ನ ಹೆದರಿಕೆ ಅಷ್ಟೇ.

ಹುಕ್ಕೇರಿ ಹುಡುಗ:
ನಿಮ್ಮ ಹೆದರಿಕೆ ಸುಳ್ಳಲ್ಲ, ಶೆಟ್ರೇ. ಆದರೆ ಅದು ಊರೂರಿಗೆ ಕರೆಂಟ್ ಕೊಂಡು ಹಂಚಿ ವಸೂಲಿ ಮಾಡುವ ಕೆಲಸ. ಇಲ್ಲಿ 48 ಮನೆ, ಒಂದೇ ಮೀಟರ್. ಗುಜರಾತಿನ ಢುಂಡಿಯಲ್ಲಿ ಆರೇ ಜನ ರೈತರು ಸೇರಿ ಸೋಲಾರ್ ಪಂಪಿನ ಸಹಕಾರಿ ಸಂಘ ಮಾಡಿದರು. ಬಾವಿಗೆ ಬೇಕಾದಷ್ಟು ಬಳಸಿ, ಮಿಕ್ಕಿದ್ದನ್ನು ಕರೆಂಟ್ ಕಂಪನಿಗೆ ಮಾರಿದರು. ಸಣ್ಣ ಸಂಘದಲ್ಲಿ ಲೆಕ್ಕ ಎಲ್ಲರ ಕಣ್ಣಿಗೆ ಕಾಣುತ್ತದೆ.

ವಾಸ್ಕೋ ಬಾಡಿಗೆಮನೆ:
ನಾನು ಸುಮ್ನೆ ಓದುತ್ತಿದ್ದೆ. ಒಂದು ಮಾತು ಕೇಳಬೇಕು ಅನಿಸಿತು. ಇದೆಲ್ಲ ಸ್ವಂತ ಫ್ಲ್ಯಾಟ್ ಇದ್ದವರ ಮಾತು. ನಾವು ಗೋವಾದ ವಾಸ್ಕೋದಲ್ಲಿ, ಬೈನಾದಲ್ಲಿ 22 ವರ್ಷದಿಂದ ಬಾಡಿಗೆಗೆ ಇದ್ದೇವೆ. ತಲೆ ಮೇಲಿನ ಪತ್ರಾನೂ ನಮ್ಮದಲ್ಲ. ನಮ್ಮಂಥವರು ₹5,000 ಕೂಡಿಸಿದರೂ ಅದನ್ನು ಹಾಕುವುದು ಎಲ್ಲಿ?

ಪಾವಗಡದವಳು, ಖರಾಡಿ:
ಅಕ್ಕಾ, ನೀವು ಕೇಳಿದ್ದೇ ಎಲ್ಲಕ್ಕಿಂತ ಮುಖ್ಯ. ಬೇರೆಲ್ಲೋ ಇರುವ ಪ್ಲಾಂಟಿನಲ್ಲಿ ಪಾಲು ಕೊಂಡು, ಆ ಯೂನಿಟ್ಟನ್ನು ನಮ್ಮ ಮನೆ ಬಿಲ್ಲಿನಲ್ಲಿ ಕಳೆಯುವ ನಿಯಮ ಇರಬೇಕು. ದಿಲ್ಲಿ 2019ರಲ್ಲೇ ಇಂಥ ನಿಯಮ ತಂದಿದೆ, ವರ್ಚುವಲ್ ನೆಟ್ ಮೀಟರಿಂಗ್ ಅನ್ನುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿ 2000ದಲ್ಲಿ 20 ಗಾಳಿಯಂತ್ರ ನಿಲ್ಲಿಸಿದರು. ಅದರಲ್ಲಿ ಅರ್ಧ, 8,000ಕ್ಕೂ ಜಾಸ್ತಿ ಸಾಮಾನ್ಯ ಜನರ ಸಹಕಾರಿ ಸಂಘದ್ದು. ಷೇರು ಕೊಳ್ಳಲು ಸ್ವಂತ ಛಾವಣಿ ಬೇಕಾಗಲಿಲ್ಲ. ಮುಂಬೈ, ಪುಣೆ, ಗೋವಾದಲ್ಲಿ ನಮ್ಮ ಕನ್ನಡಿಗರ ಸಂಘಗಳು, ಕ್ರೆಡಿಟ್ ಸೊಸೈಟಿಗಳು ಎಷ್ಟಿವೆ! ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆ ನಡೆಸಿದವರು ನಾವು. ಆ ಸಂಘದ ಕಟ್ಟಡಗಳ ಛಾವಣಿಯಲ್ಲಿ ಬಾಡಿಗೆ ಮನೆಯವರಿಗೂ ಪಾಲಿರುವ ಪ್ಲಾಂಟ್ ಹಾಕಲು ಈಗ ಯಾವ ನಿಯಮ ಇದೆ ನೋಡಿ, ಸಾಲದಿದ್ದರೆ ಕೇಳೋಣ. ಕರೆಂಟಿನ ದರ, ನಿಯಮ ಮಾಡುವ ವಿದ್ಯುತ್ ಆಯೋಗದ ಸಾರ್ವಜನಿಕ ವಿಚಾರಣೆಗೆ ಯಾರು ಬೇಕಾದರೂ ಬರೆದುಕೊಡಬಹುದು. ಗೋವಾದ್ದು ಬೇರೆ ಆಯೋಗ, ಅಕ್ಕಾ. ಅರ್ಜಿ ನಾನು ಬರೆಯುತ್ತೇನೆ, ನೀವು ಸಹಿ ಸೇರಿಸಿ.

ವಾಸ್ಕೋ ಬಾಡಿಗೆಮನೆ:
ಬರೆಯಮ್ಮಾ. ನಮ್ಮ ಓಣಿಯ ಹನ್ನೊಂದು ಮನೆಯವರ ಸಹಿ ನಾನೇ ತರುತ್ತೇನೆ.

ಮುಳುಂದ್ ಹೋಟೆಲ್‌ನವರು:
ಟೀಚರ್, ನಾವೇ ಹಾಕಿಸುವುದಾದರೆ ಒಂದೇ ಏಟಿಗೆ ₹12,000 ಕೇಳಬೇಡಿ. ತಿಂಗಳಿಗೆ ಸಾವಿರದಂತೆ ಹನ್ನೆರಡು ಕಂತು ಮಾಡಿ. ಪೆನ್ಶನ್‌ನವರಿಗೆ ಇನ್ನೂ ಸ್ವಲ್ಪ ಸಮಯ ಕೊಡಿ. ಲೆಕ್ಕ ಇಡುವವರು ಕಮಿಟಿಯವರು ಮಾತ್ರ ಆಗಬಾರದು. ಹೊರಗಿನ ಇಬ್ಬರು ಇರಲಿ, ಅದರಲ್ಲಿ ಒಬ್ಬರು ಯೋಜನೆಯನ್ನು ವಿರೋಧಿಸಿದವರೇ ಇರಲಿ. ಹಾಗೆ ಮಾಡುವುದಾದರೆ ನನ್ನ ಒಪ್ಪಿಗೆ ಇದೆ.

ಡೊಂಬಿವಲಿ ಟೀಚರ್:
ಶೆಟ್ರೇ, ಈ ಮಾತಿಗೆ ತುಂಬಾ ಥ್ಯಾಂಕ್ಸ್. ಎರಡನೇ ಮಹಡಿಯ ಜೋಶಿ ಅಜ್ಜನೇ ಜೋರಾಗಿ ವಿರೋಧಿಸುತ್ತಿರುವುದು. ಲೆಕ್ಕದ ಪುಸ್ತಕ ಅವರ ಕೈಗೇ ಕೊಡುತ್ತೇನೆ. ತಿಂಗಳ ಒಂದನೇ ತಾರೀಖು ಎಷ್ಟು ಯೂನಿಟ್ ಬಂತು, ಎಷ್ಟು ಉಳಿಯಿತು ಎಂದು ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಬರೆಸುತ್ತೇನೆ. ಬಿಲ್ಲಿನಲ್ಲಿ ಉಳಿದ ದುಡ್ಡಲ್ಲಿ ಪ್ಯಾನೆಲ್ಲಿನ ಕರೆಂಟನ್ನು ಬಳಕೆಗೆ ಬರುವಂತೆ ಮಾಡುವ ಇನ್ವರ್ಟರ್ ಬದಲಿಸಲು ಒಂದು ಭಾಗ ಬೇರೆ ಖಾತೆಯಲ್ಲಿ ಇಡಬೇಕು ಅಂದುಕೊಂಡಿದ್ದೇನೆ.

ಚಿಂಚವಾಡ ಫಿಟ್ಟರ್:
ಖಂಡಿತ ಇಡಿ. ಪ್ಯಾನೆಲ್ 25 ವರ್ಷ ಬರುತ್ತದೆ, ಇನ್ವರ್ಟರ್ ಅಷ್ಟು ಬರುವುದಿಲ್ಲ. ಟಾಕಿಯ ನೆರಳು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿದ್ದೀರಾ? ಬರುವ ಭಾನುವಾರ ನಾನು ಬೆಳಗಿನ ರೈಲು ಹಿಡಿದು ಕಲ್ಯಾಣಕ್ಕೆ ಬರುವವನಿದ್ದೇನೆ. ಅಲ್ಲಿಂದ ನಿಮ್ಮಲ್ಲಿಗೆ ಬರುತ್ತೇನೆ. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಸೀಮೆಸುಣ್ಣದಲ್ಲಿ ನೆರಳಿನ ಗೆರೆ ಎಳೆದು ನೋಡೋಣ. ಟೆರೇಸಿನ ಬೀಗದ ಕೈ ವಾಚ್‌ಮನ್ ಹತ್ತಿರ ಇರಲಿ. ಜೋಶಿ ಅಜ್ಜನಿಗೂ ಮೇಲೆ ಬರಲು ಹೇಳಿ.