ಬಾಹ್ಯಾಕಾಶದ ಬಗ್ಗೆ ನಮ್ಮ ಕಲ್ಪನೆ ನಾವು ಬಳಸುವ ಪದಗಳಿಂದಲೇ ಬರುತ್ತದಾ?

ಪ್ರಶ್ನೆ:
ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಶೂನ್ಯ ಗುರುತ್ವ ಅಂದ ಕೂಡಲೇ ಅಲ್ಲಿ ಭೂಮಿಯ ಸೆಳೆತವೇ ಇಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಅಲ್ಲಿ ಸೆಳೆತ ನೆಲದ ಮೇಲಿನದರ ಶೇ. 90ರಷ್ಟು ಇದ್ದೇ ಇದೆ. ನಿಲ್ದಾಣ, ಒಳಗಿರುವ ಜನ, ಸಾಮಾನು ಎಲ್ಲ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೇಲಿದಂತೆ ಕಾಣುತ್ತದೆ, ಅಷ್ಟೇ. ಇದೆಲ್ಲ ಗೊತ್ತಿದ್ದರೂ ಮನಸ್ಸು ಮತ್ತೆ ಆ 'ಶೂನ್ಯ'ಕ್ಕೇ ಹೋಗಿ ನಿಲ್ಲುತ್ತದೆ. ನಿಮಗೂ ಹೀಗಾಗುತ್ತಾ?

ಉತ್ತರ 1:
ಖಂಡಿತ ಆಗುತ್ತದೆ. ವಿಶ್ವದ ಹುಟ್ಟಿನ ಬಗ್ಗೆ ಹೇಳುವ ಮಹಾಸ್ಫೋಟ (ಬಿಗ್ ಬ್ಯಾಂಗ್) ಅನ್ನುವ ಪದವನ್ನೇ ನೋಡಿ. ಸ್ಫೋಟ ಅಂದ ಮೇಲೆ ಅದು ಎಲ್ಲಿ ಆಯಿತು, ಆಗ ಸುತ್ತಮುತ್ತ ಏನಿತ್ತು ಅಂತ ಎಲ್ಲರೂ ಕೇಳುತ್ತಾರೆ. ಸಿದ್ಧಾಂತ ಹೇಳುವುದು ಜಾಗವೇ ಹಿಗ್ಗುತ್ತಿದೆ ಅಂತ, ಅದಕ್ಕೆ ನಡುವೇ ಇಲ್ಲ. 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬಿಗ್ ಬ್ಯಾಂಗ್ ಅಂದ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಆ ಸಿದ್ಧಾಂತವನ್ನು ಒಪ್ಪಿದವರೇ ಅಲ್ಲ!

ಉತ್ತರ 2:
ಪದದ ಮೇಲೆ ಅಷ್ಟೊಂದು ತಪ್ಪು ಹೊರಿಸಬೇಡಿ. ವಿಜ್ಞಾನಿಗಳೂ ಇಂಥ ಪದಗಳನ್ನೇ ಬಳಸುತ್ತಾರೆ, ಅವರ ಲೆಕ್ಕ ಕೆಡುವುದಿಲ್ಲ. ಎಷ್ಟೋ ಸಲ ಪದದಿಂದ ಅನುಕೂಲವೇ ಜಾಸ್ತಿ. ನಿಲ್ದಾಣದೊಳಗೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಮೈಗೆ ತಿಳಿಯುವುದಿಲ್ಲ, ಅದಕ್ಕೇ ಅಲ್ಲಿ ಹಡಗಿನವರ ಮಾತು ಬಳಸುತ್ತಾರೆ: ಸಾಗುವ ದಿಕ್ಕು ಫಾರ್ವರ್ಡ್, ಹಿಂದಿನದು ಆಫ್ಟ್, ಭೂಮಿಯ ಕಡೆಯದು ಡೆಕ್, ಎಡಬಲಕ್ಕೆ ಪೋರ್ಟ್ ಮತ್ತು ಸ್ಟಾರ್‌ಬೋರ್ಡ್. ಇಬ್ಬರು ಎದುರುಬದುರಾಗಿ, ಒಬ್ಬರು ತಲೆಕೆಳಗಾಗಿ ತೇಲುತ್ತಿದ್ದರೆ 'ಎಡಕ್ಕೆ ತಿರುಗು' ಅಂದರೆ ಯಾರ ಎಡ? ಪೋರ್ಟ್ ಅಂದರೆ ಇಬ್ಬರಿಗೂ ಒಂದೇ ಗೋಡೆ.

ಉತ್ತರ 3:
ಲೆಕ್ಕದ ಮಾತು ಸರಿ. ಆದರೆ ಕಾನೂನು ಮಾಡುವಾಗ ಸಮೀಕರಣ ಇರುವುದಿಲ್ಲ, ಪದಗಳೇ ಗತಿ. ನನಗೆ ಆತಂಕ ಅಲ್ಲಿದೆ. ಮಂಗಳದಲ್ಲಿ ವಸಾಹತು ಅಂತ ಸುಮ್ನೆ ಬರೆದುಬಿಡುತ್ತೇವೆ, ವಸಾಹತು ಅಂದರೆ ಒಬ್ಬ ಒಡೆಯ ಇರಬೇಕು ತಾನೇ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನನ್ನಾಗಲಿ ಗ್ರಹಗಳನ್ನಾಗಲಿ ಯಾವ ದೇಶವೂ ತನ್ನದು ಅನ್ನುವಂತಿಲ್ಲ. ಅಗೆದು ತೆಗೆದ ಅದಿರು ಯಾರಿಗೆ ಸೇರಬೇಕು ಅನ್ನುವುದನ್ನು ಮಾತ್ರ ಅದು ಬಿಡಿಸಿ ಹೇಳಿಲ್ಲ. 2015ರಲ್ಲಿ ಅಮೆರಿಕ, ತೆಗೆದದ್ದು ತನ್ನ ಪ್ರಜೆಗಳಿಗೇ ಸೇರುತ್ತದೆ ಅಂತ ಕಾನೂನು ಮಾಡಿಕೊಂಡಿತು. ಅದೇ ವಸಾಹತು ಅನ್ನುವ ಬದಲು ಸಂಶೋಧನಾ ನೆಲೆ ಅಂದರೆ ಅಂಟಾರ್ಕ್ಟಿಕಾ ನೆನಪಾಗುತ್ತದೆ, ಅಲ್ಲಿ ಹಲವು ದೇಶಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. ನಾನಂತೂ ಬರೆಯುವಾಗ ನೆಲೆ ಅಂತಲೇ ಬರೆಯುತ್ತೇನೆ.